ಕಾಯಿಸಿದರೆ ಬೆಳಗುವ ಹರಳು

ಕೆಲವು ಖನಿಜಗಳನ್ನು ಕತ್ತಲೆಯಲ್ಲಿಟ್ಟು ನಿಧಾನವಾಗಿ ಕಾಯಿಸಿದರೆ, ಕೆಂಪಗೆ ಕಾಯುವುದಕ್ಕೆ ಬಹಳ ಮೊದಲೇ ಅವು ಮಂದವಾಗಿ ಬೆಳಗುತ್ತವೆ. ಈ ಗುಣವೇ ಥರ್ಮೋಲ್ಯೂಮಿನೆಸೆನ್ಸ್, ಅಂದರೆ ಉಷ್ಣದೀಪ್ತಿ. ಕುಲುಮೆಯಲ್ಲಿ ಕಾದ ಕಬ್ಬಿಣದ ಕೆಂಪಿಗೂ ಇದಕ್ಕೂ ಸಂಬಂಧವಿಲ್ಲ. ಕಬ್ಬಿಣವನ್ನು ಎಷ್ಟು ಸಲ ಕಾಯಿಸಿದರೂ ಅಷ್ಟೂ ಸಲ ಅದು ಕೆಂಪಾಗುತ್ತದೆ. ಉಷ್ಣದೀಪ್ತಿಯ ಹರಳು ಹಾಗಲ್ಲ. ಒಮ್ಮೆ ಬೆಳಗಿ ಆರಿದ ಮೇಲೆ ತಣಿಸಿ ಮತ್ತೆ ಕಾಯಿಸಿದರೆ ಬೆಳಕು ಬರುವುದಿಲ್ಲ. ಅದು ಮತ್ತೆ ಬೆಳಗಬೇಕಾದರೆ ಎಕ್ಸ್-ರೇ, ಗಾಮಾ ಕಿರಣದಂಥ ವಿಕಿರಣ ಅದರ ಮೇಲೆ ಬೀಳಬೇಕು. ಹೊರಬರುವ ಬೆಳಕಿನ ಮೂಲ ಒಲೆಯ ಶಾಖವಲ್ಲ, ಹಿಂದೆಂದೋ ಹರಳಿನೊಳಗೆ ಸೇರಿಕೊಂಡ ವಿಕಿರಣದ ಶಕ್ತಿ. ಶಾಖ ಅದನ್ನು ಬಿಡಿಸುತ್ತದೆ, ಅಷ್ಟೆ.

ಹೀಗಾಗುವುದಕ್ಕೆ ಕಾರಣ ಹರಳಿನ ಕೊರತೆಗಳು. ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಫ್ಲೋರೈಟ್ ಮೊದಲಾದ ವಿದ್ಯುತ್ ನಿರೋಧಕ ಖನಿಜಗಳಲ್ಲಿ ಪರಮಾಣುಗಳು ಸಾಲುಸಾಲಾಗಿ ಜೋಡಣೆಗೊಂಡಿರುತ್ತವೆ. ಆದರೆ ಯಾವ ಹರಳೂ ಪರಿಪೂರ್ಣವಲ್ಲ. ಎಲ್ಲೋ ಒಂದು ಪರಮಾಣು ಇರುವುದಿಲ್ಲ, ಎಲ್ಲೋ ಒಂದರ ಜಾಗದಲ್ಲಿ ಬೇರೆ ಧಾತುವಿನ ಪರಮಾಣು ಬಂದು ಕೂತಿರುತ್ತದೆ. ವಿಕಿರಣ ಬಿದ್ದಾಗ ಎಲೆಕ್ಟ್ರಾನುಗಳು ತಮ್ಮ ನೆಲೆಯಿಂದ ಕಿತ್ತು ಬಂದು ಹರಳಿನೊಳಗೆ ಅಲೆಯುತ್ತವೆ. ಬಹುಪಾಲು ಎಲೆಕ್ಟ್ರಾನುಗಳು ತಕ್ಷಣವೇ ಹಿಂದಿರುಗುತ್ತವೆ. ಕೆಲವು ಮಾತ್ರ ಈ ಕೊರತೆಯ ತಾಣಗಳಲ್ಲಿ ಸಿಕ್ಕಿಬೀಳುತ್ತವೆ. ವಿಜ್ಞಾನಿಗಳು ಇವನ್ನು ಟ್ರ್ಯಾಪ್, ಅಂದರೆ ಬಲೆ, ಎಂದು ಕರೆಯುತ್ತಾರೆ. ಬಲೆ ಆಳವಾಗಿದ್ದರೆ ಸಾಮಾನ್ಯ ತಾಪಮಾನದಲ್ಲಿ ಎಲೆಕ್ಟ್ರಾನು ಸಾವಿರಾರು, ಲಕ್ಷಾಂತರ ವರ್ಷ ಅಲ್ಲೇ ಉಳಿಯಬಲ್ಲದು. ಕಾಯಿಸಿದಾಗ ಹರಳಿನ ಪರಮಾಣುಗಳ ಕಂಪನ ಹೆಚ್ಚಿ ಎಲೆಕ್ಟ್ರಾನು ಬಲೆಯಿಂದ ಪಾರಾಗುತ್ತದೆ; ತನಗಾಗಿ ಖಾಲಿ ಉಳಿದಿದ್ದ ಮತ್ತೊಂದು ತಾಣವನ್ನು ಸೇರಿ, ಹೆಚ್ಚುವರಿ ಶಕ್ತಿಯನ್ನು ಬೆಳಕಾಗಿ ಬಿಡುತ್ತದೆ.

ತಾಪಮಾನ ಏರಿದಂತೆ ಬೆಳಕು ಎಷ್ಟು ಬಂತೆಂದು ಗುರುತಿಸುತ್ತ ಹೋದರೆ ಏರಿಳಿತದ ಒಂದು ರೇಖೆ ಸಿಗುತ್ತದೆ. ಇದನ್ನು ಗ್ಲೋ ಕರ್ವ್ ಎನ್ನುತ್ತಾರೆ. ಆಳವಿಲ್ಲದ ಬಲೆಗಳು ಮೊದಲು ಖಾಲಿಯಾಗುತ್ತವೆ, ಆಳವಾದವು ಆಮೇಲೆ. ಆದ್ದರಿಂದ ರೇಖೆಯ ಒಂದೊಂದು ಶಿಖರವೂ ಒಂದೊಂದು ಬಗೆಯ ಬಲೆಯ ಗುರುತು. ಕ್ವಾರ್ಟ್ಜ್‌ನಲ್ಲಿ 110 ಡಿಗ್ರಿ ಸೆಲ್ಸಿಯಸ್ ಬಳಿ ಕಾಣುವ ಶಿಖರದ ಎಲೆಕ್ಟ್ರಾನುಗಳು ಕೆಲವೇ ಗಂಟೆಗಳಲ್ಲಿ ತಾವಾಗಿ ಸೋರಿಹೋಗುತ್ತವೆ. 325 ಮತ್ತು 375 ಡಿಗ್ರಿಯ ಆಸುಪಾಸಿನವು ಭೂವೈಜ್ಞಾನಿಕ ಕಾಲದವರೆಗೆ ನಿಲ್ಲುತ್ತವೆ. ಹರಳಿಗೆ ತಗುಲಿದ ವಿಕಿರಣ ಹೆಚ್ಚಿದಷ್ಟೂ ಬೆಳಕು ಹೆಚ್ಚು. ಉಷ್ಣದೀಪ್ತಿಯ ಎಲ್ಲ ಉಪಯೋಗಗಳೂ ಈ ಒಂದು ಸಂಬಂಧವನ್ನೇ ನಂಬಿ ನಿಂತಿವೆ.

ಈ ಬೆಳಕಿನ ಲಿಖಿತ ಇತಿಹಾಸ ಲಂಡನ್ನಿನಲ್ಲಿ ಶುರುವಾಗುತ್ತದೆ. ರಾಬರ್ಟ್ ಬಾಯ್ಲ್ 1663ರ ಅಕ್ಟೋಬರಿನಲ್ಲಿ ಒಂದು ವಜ್ರವನ್ನು ರಾತ್ರಿ ಹಾಸಿಗೆಗೆ ಒಯ್ದು ಬರಿಮೈಗೆ ಒತ್ತಿ ಹಿಡಿದಾಗ ಅದು ಮಿನುಗಿದ್ದನ್ನು ಕಂಡು ರಾಯಲ್ ಸೊಸೈಟಿಗೆ ವರದಿ ಮಾಡಿದ. ವಿಕಿರಣವೆಂಬುದರ ಅರಿವೇ ಇಲ್ಲದ ಕಾಲದಲ್ಲಿ ಇದಕ್ಕೆ ವಿವರಣೆ ಸಿಗುವುದು ಸಾಧ್ಯವಿರಲಿಲ್ಲ. ಮೇರಿ ಕ್ಯೂರಿ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಮುಖ್ಯವಾದ ಒಂದು ಸಂಗತಿಯನ್ನು ದಾಖಲಿಸಿದರು: ಕಾಯಿಸಿ ಬೆಳಗುವ ಗುಣ ಕಳೆದುಕೊಂಡ ಫ್ಲೋರೈಟ್, ರೇಡಿಯಂ ಸಮೀಪದಲ್ಲಿಟ್ಟರೆ ಆ ಗುಣವನ್ನು ಮತ್ತೆ ಪಡೆಯುತ್ತದೆ. ಗಣಿತದ ಚೌಕಟ್ಟು ಬಂದದ್ದು 1945ರಲ್ಲಿ, ಇಂಗ್ಲೆಂಡಿನ ಜಾನ್ ರ‍್ಯಾಂಡಲ್ ಮತ್ತು ಮಾರಿಸ್ ವಿಲ್ಕಿನ್ಸ್ ಅವರಿಂದ. ಮುಂದೆ ಡಿಎನ್ಎ ರಚನೆಯ ಕೆಲಸಕ್ಕಾಗಿ ನೊಬೆಲ್ ಹಂಚಿಕೊಂಡವರು ಇದೇ ವಿಲ್ಕಿನ್ಸ್. ಸಿದ್ಧಾಂತವನ್ನು ಪ್ರಯೋಗಾಲಯದಿಂದ ಹೊರತಂದ ಶ್ರೇಯಸ್ಸು ಮಾತ್ರ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ಯಾರಿಂಗ್ಟನ್ ಡೇನಿಯಲ್ಸ್ ಅವರಿಗೆ ಸಲ್ಲಬೇಕು. ಲಿಥಿಯಂ ಫ್ಲೋರೈಡ್ ಹರಳಿನಿಂದ ವಿಕಿರಣ ಅಳೆಯಬಹುದೆಂದು ಅವರ ತಂಡ ತೋರಿಸಿತು. ಅದೇ ತಂಡ 1953ರಲ್ಲಿ, ಹಳೆಯ ಮಡಕೆಗಳ ಕಾಲವನ್ನೂ ಹೀಗೆಯೇ ಕಂಡುಹಿಡಿಯಬಹುದೆಂದು ಸೂಚಿಸಿತು.

ಇಂದು ಈ ವಿದ್ಯೆಯ ಅತಿ ದೊಡ್ಡ ಬಳಕೆ ವಿಕಿರಣದ ನಡುವೆ ಕೆಲಸ ಮಾಡುವವರ ಎದೆಯ ಮೇಲಿದೆ. ಎಕ್ಸ್-ರೇ ತಂತ್ರಜ್ಞರು, ಕ್ಯಾನ್ಸರ್ ಆಸ್ಪತ್ರೆಯ ರೇಡಿಯೋಥೆರಪಿ ಸಿಬ್ಬಂದಿ, ಅಣುಸ್ಥಾವರದ ಕೆಲಸಗಾರರು, ಪೈಪ್‌ಗಳ ಬೆಸುಗೆಯನ್ನು ಗಾಮಾ ಕಿರಣದಿಂದ ಪರೀಕ್ಷಿಸುವವರು ಧರಿಸುವ ಚಿಕ್ಕ ಬ್ಯಾಡ್ಜ್‌ಗೆ ಟಿಎಲ್‌ಡಿ ಬ್ಯಾಡ್ಜ್ ಎಂದು ಹೆಸರು; ಟಿಎಲ್‌ಡಿ ಅಂದರೆ ಥರ್ಮೋಲ್ಯೂಮಿನೆಸೆಂಟ್ ಡೋಸಿಮೀಟರ್, ಉಷ್ಣದೀಪ್ತಿಯ ವಿಕಿರಣ ಮಾಪಕ. ಭಾರತದಲ್ಲಿ ಮೊದಲು ಫೋಟೋ ಫಿಲ್ಮ್ ಬಳಸುವ ಬ್ಯಾಡ್ಜ್‌ಗಳಿದ್ದವು. ಬಿಸಿಲು ಮತ್ತು ತೇವದ ಈ ದೇಶದಲ್ಲಿ ಫಿಲ್ಮ್ ಬೇಗ ಕೆಡುತ್ತಿತ್ತು. ಭಾಭಾ ಅಣು ಸಂಶೋಧನಾ ಕೇಂದ್ರ ತಾನೇ ರೂಪಿಸಿದ ಟಿಎಲ್‌ಡಿ ಬ್ಯಾಡ್ಜ್ 1975ರಿಂದ ಅದರ ಜಾಗಕ್ಕೆ ಬಂತು. ಹೊರಗಿನಿಂದ ತರಿಸಿಕೊಂಡ ಲಿಥಿಯಂ ಫ್ಲೋರೈಡ್‌ಗೆ ಜೋತುಬೀಳದೆ, ಡಿಸ್‌ಪ್ರೋಸಿಯಂ ಎಂಬ ವಿರಳ ಲೋಹವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್ ಅನ್ನು ಇಲ್ಲೇ ತಯಾರಿಸಿ ಬಳಸಿದ್ದು ಈ ದೇಶದ ವಿಜ್ಞಾನದ ಸದ್ದಿಲ್ಲದ ಸಾಧನೆಗಳಲ್ಲಿ ಒಂದು. ಜಿಪ್ಸಂನ ಸೋದರ ಪದಾರ್ಥವಾದ ಈ ಪುಡಿ ಲಿಥಿಯಂ ಫ್ಲೋರೈಡ್‌ಗಿಂತ ಹಲವು ಪಟ್ಟು ಹೆಚ್ಚು ಬೆಳಗುತ್ತದೆ.

ಆದರೆ ಅದಕ್ಕೊಂದು ಕೊರತೆಯಿದೆ. ಕಡಿಮೆ ಶಕ್ತಿಯ ಎಕ್ಸ್-ರೇಗಳನ್ನು ಅದು ಮನುಷ್ಯನ ಮಾಂಸಕ್ಕಿಂತ ಬಹಳ ಹೆಚ್ಚು ಹೀರುತ್ತದೆ. ಹಾಗೇ ಓದಿದರೆ ಲೆಕ್ಕ ಉಬ್ಬಿ ಕಾಣುತ್ತದೆ. ಅದಕ್ಕಾಗಿಯೇ ಬ್ಯಾಡ್ಜ್‌ನೊಳಗಿನ ಅಲ್ಯೂಮಿನಿಯಂ ಪಟ್ಟಿಯಲ್ಲಿ ಒಂದಲ್ಲ, ಮೂರು ಬಿಲ್ಲೆಗಳಿರುತ್ತವೆ. ಪುಡಿಯನ್ನು ಟೆಫ್ಲಾನ್ ಜೊತೆ ಸೇರಿಸಿ ಒತ್ತಿ ಮಾಡಿದ ಬಿಲ್ಲೆಗಳಿವು. ಒಂದರ ಮುಂದೆ ತಾಮ್ರ ಮತ್ತು ಅಲ್ಯೂಮಿನಿಯಂ ತಡೆ, ಇನ್ನೊಂದರ ಮುಂದೆ ಪ್ಲಾಸ್ಟಿಕ್, ಮೂರನೆಯದರ ಮುಂದೆ ಏನೂ ಇಲ್ಲ. ಮೂರರ ಬೆಳಕನ್ನು ಹೋಲಿಸಿದರೆ ಬಿದ್ದದ್ದು ಬೀಟಾ ಕಣವೋ, ಮೆದು ಎಕ್ಸ್-ರೇಯೋ, ಬಲವಾದ ಗಾಮಾ ಕಿರಣವೋ ಎಂಬುದು ತಿಳಿಯುತ್ತದೆ, ಅದಕ್ಕೆ ತಕ್ಕಂತೆ ಲೆಕ್ಕ ತಿದ್ದಬಹುದು. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬ್ಯಾಡ್ಜ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಬಿಸಿ ನೈಟ್ರೋಜನ್ ಹಾಯಿಸಿ ಬಿಲ್ಲೆಯನ್ನು ಕಾಯಿಸಿದಾಗ ಹೊಮ್ಮುವ ಬೆಳಕನ್ನು ಫೋಟೋಮಲ್ಟಿಪ್ಲಯರ್ ಎಂಬ ಸೂಕ್ಷ್ಮ ಉಪಕರಣ ಎಣಿಸುತ್ತದೆ. ಮತ್ತೆ ಕಾಯಿಸಿ ಪೂರ್ತಿ ಖಾಲಿ ಮಾಡಿದ ಬಿಲ್ಲೆ ಮುಂದಿನ ಬಳಕೆಗೆ ಸಿದ್ಧ.

ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ವಿಕಿರಣ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲಿದ ವಿಕಿರಣದ ಅಳತೆಯ ಮಾನ), ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿ. ಸಾರ್ವಜನಿಕರಿಗೆ ಅದು 1 ಮಿಲಿಸೀವರ್ಟ್. ಈ ಮಿತಿಯ ಪಾಲನೆ ನಿಂತಿರುವುದು ಬ್ಯಾಡ್ಜ್ ಧರಿಸುವ ಶಿಸ್ತಿನ ಮೇಲೆ. ಬ್ಯಾಡ್ಜ್ ವಿಕಿರಣವನ್ನು ತಡೆಯುವುದಿಲ್ಲ, ಬಿದ್ದದ್ದನ್ನು ಬರೆದಿಡುತ್ತದೆ. ಮೇಜಿನ ಖಾನೆಯಲ್ಲಿ ಉಳಿದ ಬ್ಯಾಡ್ಜ್ ಸೊನ್ನೆ ತೋರಿಸುತ್ತದೆ; ಎಕ್ಸ್-ರೇ ಕೋಣೆಯಲ್ಲಿ ಮರೆತುಬಿಟ್ಟದ್ದು ಇಲ್ಲದ ಅಪಾಯ ತೋರಿಸುತ್ತದೆ. ಎರಡೂ ಸುಳ್ಳು, ಮೊದಲನೆಯದು ಹೆಚ್ಚು ಕೆಟ್ಟ ಸುಳ್ಳು. ಸೀಸದ ಏಪ್ರನ್ ತೊಡುವವರು ಬ್ಯಾಡ್ಜನ್ನು ಎದೆಯ ಮಟ್ಟದಲ್ಲಿ ಏಪ್ರನ್ನಿನ ಒಳಗೆ ಹಾಕಿಕೊಳ್ಳಬೇಕೆಂಬುದನ್ನು ಪ್ರತಿ ಸಣ್ಣ ಊರಿನ ಎಕ್ಸ್-ರೇ ಕೇಂದ್ರದಲ್ಲೂ ಹೇಳಿಕೊಡಬೇಕಾಗಿದೆ.

ಇದೇ ಹರಳುಗಳು ಬೇರೆ ಕಡೆಗಳಲ್ಲೂ ಕಾವಲು ಕಾಯುತ್ತವೆ. ಉತ್ತರ ಕನ್ನಡದ ಕೈಗಾ ಸೇರಿದಂತೆ ಅಣುಸ್ಥಾವರಗಳ ಸುತ್ತಲಿನ ಊರುಗಳಲ್ಲಿ ಅವನ್ನಿಟ್ಟು ಪರಿಸರದ ವಿಕಿರಣವನ್ನು ಅಳೆಯುತ್ತಾರೆ. ಕ್ಯಾನ್ಸರ್ ಚಿಕಿತ್ಸೆಯ ಯಂತ್ರ ರೋಗಿಗೆ ಕೊಡಬೇಕಾದಷ್ಟೇ ವಿಕಿರಣ ಕೊಡುತ್ತಿದೆಯೇ ಎಂದು ನೋಡಲು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ 1969ರಲ್ಲಿ ಒಂದು ಸರಳ ಏರ್ಪಾಡು ಆರಂಭಿಸಿದವು: ಪುಡಿ ತುಂಬಿದ ಪುಟ್ಟ ಕೋಶಗಳನ್ನು ಅಂಚೆಯಲ್ಲಿ ಆಸ್ಪತ್ರೆಗಳಿಗೆ ಕಳಿಸುವುದು, ನಿಗದಿತ ಪ್ರಮಾಣ ಹಾಯಿಸಿ ಮರಳಿಸಲು ಹೇಳುವುದು, ಬೆಳಕು ಓದಿ ತಾಳೆ ನೋಡುವುದು. ಬಾಹ್ಯಾಕಾಶಕ್ಕೂ ಇವು ಹೋಗಿವೆ. ಹಂಗೇರಿಯಲ್ಲಿ ರೂಪಿಸಿದ 'ಪಿಲ್ಲೆ' ಎಂಬ ಉಪಕರಣವನ್ನು 1980ರಲ್ಲಿ ಬರ್ತಲಾನ್ ಫಾರ್ಕಶ್ ಸಲ್ಯೂತ್-6 ನಿಲ್ದಾಣಕ್ಕೆ ಒಯ್ದರು; ಅದರಿಂದ ಕಕ್ಷೆಯಲ್ಲೇ ವಿಕಿರಣದ ಪ್ರಮಾಣ ಓದಿಕೊಳ್ಳುವುದು ಸಾಧ್ಯವಾಯಿತು.

ಯಾರೂ ಬ್ಯಾಡ್ಜ್ ಧರಿಸದ ಕಡೆ ದುರಂತ ನಡೆದರೆ? ಹಿರೋಶಿಮಾ, ನಾಗಸಾಕಿಗಳಲ್ಲಿ ಉಳಿದ ಹೆಂಚು ಮತ್ತು ಇಟ್ಟಿಗೆಗಳೇ ಬ್ಯಾಡ್ಜ್‌ಗಳಾದವು. ಸುಟ್ಟ ಮಣ್ಣಿನಲ್ಲಿರುವ ಕ್ವಾರ್ಟ್ಜ್ ಕಣಗಳು 1945ರ ಆಗಸ್ಟಿನ ಆ ಕ್ಷಣಗಳ ಗಾಮಾ ವಿಕಿರಣವನ್ನು ಹಿಡಿದಿಟ್ಟುಕೊಂಡಿದ್ದವು. ಜಪಾನಿನ ವಿಜ್ಞಾನಿಗಳು 1960ರ ದಶಕದ ಆರಂಭದಲ್ಲೇ ಅವುಗಳನ್ನು ಕಾಯಿಸಿ, ಸ್ಫೋಟದ ಕೇಂದ್ರದಿಂದ ಇಷ್ಟು ದೂರದಲ್ಲಿ ಇಷ್ಟು ವಿಕಿರಣ ಬಿತ್ತೆಂದು ಅಳೆದರು. ಬದುಕುಳಿದವರಲ್ಲಿ ಕ್ಯಾನ್ಸರ್ ಎಷ್ಟು ಹೆಚ್ಚಿತು ಎಂಬ ಅಧ್ಯಯನಕ್ಕೆ ಅವರ ಮೈಮೇಲೆ ಬಿದ್ದ ವಿಕಿರಣದ ಅಂದಾಜು ಬೇಕು. ಆ ಅಂದಾಜಿನ 1986 ಮತ್ತು 2002ರ ಪರಿಷ್ಕರಣೆಗಳು ಹೆಂಚುಗಳ ಮಾತನ್ನು ಒರೆಗಲ್ಲಾಗಿ ಬಳಸಿದವು. ಇಂದಿನ ವಿಕಿರಣ ಮಿತಿಗಳ ಹಿಂದೆ ಆ ಅಧ್ಯಯನದ ತೂಕವಿದೆ.

ಮಡಕೆಯ ವಯಸ್ಸು ಹೇಳುವುದೂ ಇದೇ ತತ್ತ್ವ, ಕಾಲದ ಅಳತೆ ಮಾತ್ರ ಬೇರೆ. ಜೇಡಿಮಣ್ಣಿನಲ್ಲಿ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್ ಕಣಗಳಿರುತ್ತವೆ. ಕುಂಬಾರನ ಆವಿಗೆಯ ಬೆಂಕಿ ಅವುಗಳ ಬಲೆಗಳನ್ನೆಲ್ಲ ಖಾಲಿ ಮಾಡುತ್ತದೆ. ಅಂದಿನಿಂದ ಮಡಕೆಯೊಳಗೂ ಸುತ್ತಲ ಮಣ್ಣಲ್ಲೂ ಇರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ಅತಿ ಕ್ಷೀಣ ವಿಕಿರಣ ಆ ಬಲೆಗಳನ್ನು ಮತ್ತೆ ತುಂಬತೊಡಗುತ್ತದೆ. ದೇವಸ್ಥಾನದ ಹುಂಡಿ ಕಡೆಯ ಸಲ ತೆರೆದು ಎಷ್ಟು ದಿನವಾಯಿತೆಂದು ತಿಳಿಯಲು ಒಟ್ಟು ಹಣವನ್ನು ದಿನದ ಸರಾಸರಿ ಕಾಣಿಕೆಯಿಂದ ಭಾಗಿಸಿದರೆ ಸಾಕಲ್ಲವೇ, ಹಾಗೆ ಸಂಚಿತ ವಿಕಿರಣವನ್ನು ವಾರ್ಷಿಕ ವಿಕಿರಣದಿಂದ ಭಾಗಿಸಿದರೆ ಮಡಕೆ ಸುಟ್ಟು ಎಷ್ಟು ವರ್ಷವಾಯಿತೆಂಬುದು ಸಿಗುತ್ತದೆ.

ಹೇಳಲು ಸುಲಭ, ಮಾಡಲು ಕಷ್ಟ. ವಾರ್ಷಿಕ ವಿಕಿರಣ ತಿಳಿಯಲು ಮಡಕೆ ಹುಗಿದಿದ್ದ ಮಣ್ಣೂ ಬೇಕು, ಆ ಮಣ್ಣಿನ ತೇವದ ಲೆಕ್ಕವೂ ಬೇಕು, ಏಕೆಂದರೆ ನೀರು ವಿಕಿರಣವನ್ನು ಹೀರುತ್ತದೆ. ಅಗೆದು ತೊಳೆದು ಕಪಾಟಿನಲ್ಲಿಟ್ಟ ಚೂರಿಗಿಂತ ಮಣ್ಣಿನ ಸಮೇತ ಬಂದ ಚೂರು ಹೆಚ್ಚು ಬೆಲೆಯುಳ್ಳದ್ದು. ಎಷ್ಟೋ ಉತ್ಖನನಗಳಲ್ಲಿ ಆ ಜಾಗದಲ್ಲೇ ಡೋಸಿಮೀಟರ್ ಕೋಶಗಳನ್ನು ತಿಂಗಳುಗಟ್ಟಲೆ ಹೂತಿಡುತ್ತಾರೆ. ಇಷ್ಟಾದರೂ ಶೇಕಡಾ 5ರಿಂದ 10ರಷ್ಟು ಅನಿಶ್ಚಿತತೆ ಉಳಿಯುತ್ತದೆ. ಎರಡು ಸಾವಿರ ವರ್ಷ ಹಳೆಯ ಮಡಕೆಗೆ ಅದು ನೂರಿನ್ನೂರು ವರ್ಷ. ಶಾಸನ ಇರುವ ಕಾಲಕ್ಕೆ ಇದು ಒರಟು ಅಳತೆ. ಶಾಸನವಿಲ್ಲದ, ಇದ್ದಿಲೂ ಸಿಗದ ಕಾಲಕ್ಕೆ ಇದಕ್ಕೆ ಸಾಟಿಯಾದದ್ದು ಕಡಿಮೆ.

ಆಕ್ಸ್‌ಫರ್ಡ್‌ನಲ್ಲಿ ಮಾರ್ಟಿನ್ ಏಟ್ಕಿನ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಈ ವಿಧಾನವನ್ನು ಪಳಗಿಸಿದರು. ಅದರ ಬಲ ಲೋಕಕ್ಕೆ ಕಂಡದ್ದು 1971ರಲ್ಲಿ. ಟರ್ಕಿಯ ಹಾಜಿಲಾರ್ ಎಂಬ ನವಶಿಲಾಯುಗದ ನೆಲೆಯದೆಂದು ಮಾರುಕಟ್ಟೆಗೆ ಬಂದು ಸಂಗ್ರಹಾಲಯಗಳನ್ನು ಸೇರಿದ್ದ ಚೆಂದದ ಮಣ್ಣಿನ ಪಾತ್ರೆ, ಬೊಂಬೆಗಳಲ್ಲಿ 66ನ್ನು ಪರೀಕ್ಷಿಸಿದಾಗ 48 ಇತ್ತೀಚೆಗೆ ಮಾಡಿದವೆಂದು ಗೊತ್ತಾಯಿತು. ಖೋಟಾ ಪತ್ತೆಗೆ ನಿಖರ ವರ್ಷ ಬೇಕಿಲ್ಲ. ಏಳು ಸಾವಿರ ವರ್ಷ ಹಳೆಯದೋ, ನಿನ್ನೆ ಮೊನ್ನೆಯದೋ ಎಂದು ತಿಳಿದರೆ ಸಾಕು. ಅದಕ್ಕೆ ಪಾತ್ರೆಯ ತಳದಿಂದ ಕೊರೆದು ತೆಗೆದ ಚಿಟಿಕೆ ಪುಡಿಯೇ ಸಾಲುತ್ತದೆ.

ಕರ್ನಾಟಕದ ಇತಿಹಾಸಕ್ಕೂ ಈ ಬೆಳಕು ತಾಕಿದೆ. ಬೃಹತ್ ಶಿಲಾಸಮಾಧಿಗಳ ನೆಲೆಯಾದ ಕೊಮಾರನಹಳ್ಳಿಯ ಮಡಕೆಗಳ ಉಷ್ಣದೀಪ್ತಿ ಕಾಲನಿರ್ಣಯ, ದಕ್ಷಿಣದಲ್ಲಿ ಕಬ್ಬಿಣದ ಬಳಕೆಯನ್ನು ಕ್ರಿಸ್ತಪೂರ್ವ ಎರಡನೇ ಸಹಸ್ರಮಾನದ ಉತ್ತರಾರ್ಧದಷ್ಟು ಹಿಂದಕ್ಕೆ ಒಯ್ಯುವವರ ವಾದಕ್ಕೆ ಆಧಾರವಾಯಿತು.

ಬೆಂಕಿಗೆ ಬಿದ್ದ ಚಕಮಕಿ ಕಲ್ಲು ಇನ್ನೂ ಹಿಂದಕ್ಕೆ ಕರೆದೊಯ್ಯುತ್ತದೆ. ಮೊರಾಕೊದ ಜೆಬೆಲ್ ಇರ್ಹೂದ್‌ನಲ್ಲಿ 1961ರಲ್ಲಿ ಗಣಿ ಕೆಲಸಗಾರರಿಗೆ ಒಂದು ತಲೆಬುರುಡೆ ಸಿಕ್ಕಿತ್ತು. ಅದರ ವಯಸ್ಸು ಮೊದಲು ಸುಮಾರು 40 ಸಾವಿರ ವರ್ಷ ಎನ್ನಲಾಗಿತ್ತು. ಹೊಸ ಉತ್ಖನನದಲ್ಲಿ ಮೂಳೆಗಳ ಜೊತೆಗೇ ಆದಿಮಾನವರ ಬೆಂಕಿಯಲ್ಲಿ ಕಾದ ಚಕಮಕಿ ಉಪಕರಣಗಳು ದೊರೆತವು. ಅವುಗಳ ಉಷ್ಣದೀಪ್ತಿ ಹೇಳಿದ ವಯಸ್ಸು ಸುಮಾರು 3,15,000 ವರ್ಷ, 34,000 ಆಚೀಚೆ. 2017ರಲ್ಲಿ ಪ್ರಕಟವಾದ ಈ ಅಂಕಿ ನಮ್ಮ ಜಾತಿಯಾದ ಹೋಮೋ ಸೇಪಿಯನ್ಸ್‌ನ ಆರಂಭವನ್ನು ಒಂದು ಲಕ್ಷ ವರ್ಷದಷ್ಟು ಹಿಂದಕ್ಕೆ ತಳ್ಳಿತು. ಉಷ್ಣದೀಪ್ತಿಯಿಂದ ಬಂದ ಫಲಗಳಲ್ಲಿ ಇದಕ್ಕಿಂತ ದೊಡ್ಡದನ್ನು ಹೆಸರಿಸುವುದು ಕಷ್ಟ.

ಬಿಸಿಲೂ ಬಲೆಗಳನ್ನು ಬಹುಮಟ್ಟಿಗೆ ಖಾಲಿ ಮಾಡುತ್ತದೆ ಎಂಬುದು ಗೊತ್ತಾದ ಮೇಲೆ ಗಾಳಿ ತಂದು ಹಾಕಿದ ಮರಳಿಗೂ ವಯಸ್ಸು ಕೇಳಬಹುದಾಯಿತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಅಶೋಕ್ ಸಿಂಘ್ವಿ ಮತ್ತು ಸಹೋದ್ಯೋಗಿಗಳು 1982ರಲ್ಲಿ ರಾಜಸ್ಥಾನದ ಮರಳುದಿಬ್ಬಗಳ ಕಾಲವನ್ನು ಹೀಗೆ ನಿರ್ಣಯಿಸಿದರು. ಮರುಭೂಮಿಯ ಹವಾಮಾನದ ಚರಿತ್ರೆ ಬರೆಯುವುದಕ್ಕೆ ಅದು ದಾರಿ ತೆರೆಯಿತು. 1985ರಲ್ಲಿ ಕೆನಡಾದ ಡೇವಿಡ್ ಹಂಟ್ಲಿ ಮತ್ತು ಸಂಗಡಿಗರು ಶಾಖದ ಬದಲು ಬೆಳಕನ್ನೇ ಹಾಯಿಸಿ ಎಲೆಕ್ಟ್ರಾನು ಬಿಡಿಸುವ ವಿಧಾನ ತೋರಿಸಿದರು. ಒಎಸ್ಎಲ್ (ಆಪ್ಟಿಕಲಿ ಸ್ಟಿಮ್ಯುಲೇಟೆಡ್ ಲ್ಯೂಮಿನೆಸೆನ್ಸ್) ಎಂದು ಕರೆಯುವ ಈ ತಮ್ಮ, ಮರಳು ಮತ್ತು ಮೆಕ್ಕಲು ಮಣ್ಣಿನ ವಿಷಯದಲ್ಲಿ ಅಣ್ಣನನ್ನು ಹಿಂದೆ ಹಾಕಿದ್ದಾನೆ. ಸುಟ್ಟ ಮಣ್ಣು, ಸುಟ್ಟ ಕಲ್ಲುಗಳಲ್ಲಿ ಉಷ್ಣದೀಪ್ತಿಯ ಸ್ಥಾನ ಉಳಿದಿದೆ.

ಅಡುಗೆಮನೆಯ ಮಸಾಲೆಯವರೆಗೂ ಈ ತಂತ್ರ ಬಂದಿದೆ. ಹುಳು, ಸೂಕ್ಷ್ಮಾಣುಗಳ ನಾಶಕ್ಕೆ ಮೆಣಸಿನಕಾಯಿ, ಅರಿಸಿನಗಳಿಗೆ ಗಾಮಾ ಕಿರಣ ಹಾಯಿಸುವುದುಂಟು. ಯುರೋಪಿನಲ್ಲಿ ಅದನ್ನು ಲೇಬಲ್ ಮೇಲೆ ಹೇಳಲೇಬೇಕು. ಹೇಳದೆ ಮಾರಿದರೆ ಪತ್ತೆ ಹೇಗೆ? ಮಸಾಲೆಗೆ ಅಂಟಿದ ಧೂಳಿನಿಂದ. ಧೂಳಿನ ಖನಿಜ ಕಣಗಳನ್ನು ಬೇರ್ಪಡಿಸಿ ಕಾಯಿಸಿ ಬೆಳಕು ಅಳೆಯುತ್ತಾರೆ. ನಂತರ ಅದೇ ಕಣಗಳಿಗೆ ಗೊತ್ತಾದ ಪ್ರಮಾಣದ ವಿಕಿರಣ ಕೊಟ್ಟು ಎರಡನೇ ಸಲ ಕಾಯಿಸಿ, ಎರಡು ಬೆಳಕುಗಳ ಅನುಪಾತ ನೋಡುತ್ತಾರೆ. ಇಎನ್ 1788 ಎಂಬ ಯುರೋಪಿನ ಮಾನದಂಡ ಇದೇ ಪರೀಕ್ಷೆಯದು.

ಸಂಶೋಧನೆಯ ಬಹುಪಾಲು ಈಗ ಹೊಸ ಪದಾರ್ಥಗಳ ಹುಡುಕಾಟದಲ್ಲಿದೆ. ಮೆಗ್ನೀಸಿಯಂ, ತಾಮ್ರ, ರಂಜಕ ಬೆರೆಸಿದ ಲಿಥಿಯಂ ಫ್ಲೋರೈಡ್ ಹಳೆಯದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ಬೆಳಗುತ್ತದೆ; ಇಂಗಾಲ ಬೆರೆಸಿದ ಅಲ್ಯೂಮಿನಿಯಂ ಆಕ್ಸೈಡ್ ಅದಕ್ಕೂ ಮುಂದು, ಆದರೆ ಬೆಳಕಿಗೆ ಅಂಜುತ್ತದೆ. ಲಿಥಿಯಂ-6 ಮತ್ತು ಲಿಥಿಯಂ-7ರ ಹರಳುಗಳನ್ನು ಜೋಡಿಯಾಗಿಟ್ಟು ನ್ಯೂಟ್ರಾನ್ ಪಾಲನ್ನೂ ಗಾಮಾ ಪಾಲನ್ನೂ ಬೇರ್ಪಡಿಸುತ್ತಾರೆ, ಏಕೆಂದರೆ ನ್ಯೂಟ್ರಾನನ್ನು ಮೊದಲನೆಯದು ಮಾತ್ರ ಚೆನ್ನಾಗಿ ಹೀರುತ್ತದೆ. ವಿಶ್ವವಿದ್ಯಾಲಯಗಳಲ್ಲಿ ತಯಾರಾಗುವ ಹೊಸ ಹರಳುಗಳು ಅಸಂಖ್ಯ. ಬ್ಯಾಡ್ಜ್ ತನಕ ಬರುವವು ಬೆರಳೆಣಿಕೆಯಷ್ಟು. ಹೆಚ್ಚು ಬೆಳಗುವುದೊಂದೇ ಸಾಲದು. ಶಿಖರ 200 ಡಿಗ್ರಿಯ ಆಸುಪಾಸಿನಲ್ಲಿರಬೇಕು, ತಿಂಗಳುಗಳ ಕಾಲ ಸೋರಬಾರದು, ವಿಕಿರಣ ಇಮ್ಮಡಿಯಾದರೆ ಬೆಳಕೂ ಇಮ್ಮಡಿಯಾಗಬೇಕು, ನೂರಾರು ಸಲ ಕಾಯಿಸಿದರೂ ಗುಣ ಕೆಡಬಾರದು, ಮತ್ತು ಒಂದು ಬ್ಯಾಚಿನ ಪುಡಿ ಇನ್ನೊಂದರಂತೆಯೇ ಇರಬೇಕು.