ಏರಿಳಿತದ ಊರಿಗೆ ಎಂಥ ಕ್ರೂಸರ್?

ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650ರ ತೂಕ 241 ಕಿಲೋ. ಅದೇ ಕಂಪನಿಯ ಮೀಟಿಯರ್ 350 ತೂಗುವುದು 191 ಕಿಲೋ. ನಡುವಿನ ಅಂತರ ಒಂದು ಅಕ್ಕಿಮೂಟೆ. ಗಾಡಿ ಓಡುತ್ತಿರುವಾಗ ಈ ಮೂಟೆ ಇದೆಯೆಂದೇ ತಿಳಿಯುವುದಿಲ್ಲ; ಭಾರವೆಲ್ಲ ಕೆಳಗೇ ಇರುವುದರಿಂದ ಬೈಕು ಸಮಾಧಾನವಾಗಿ ಸಾಗುತ್ತದೆ. ತಿಳಿಯುವುದು ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಯಂಥ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಸಂಜೆ ಅದನ್ನು ಹಿಂದಕ್ಕೆ ಎಳೆಯಬೇಕಾದಾಗ. ರಿವರ್ಸ್ ಗೇರ್ ಇಲ್ಲ, ಸಹಾಯಕ್ಕೆ ಯಾರೂ ಇಲ್ಲ, ಮೇಲಿಂದ ಮಳೆ. ಈ ಊರಿನಲ್ಲಿ ಇಂಥ ಬೈಕನ್ನು ಮೂತಿ ಏರಿನ ಕಡೆಗೆ ಮಾಡಿ, ಗೇರಿನಲ್ಲಿಟ್ಟು ನಿಲ್ಲಿಸಬೇಕು. ಹೊರಡುವಾಗ ಇಳಿಜಾರೇ ಹಿಂದಕ್ಕೆ ತಳ್ಳಿಕೊಡುತ್ತದೆ.

ಕ್ರೂಸರ್ ರೂಪುಗೊಂಡದ್ದು ಅಮೆರಿಕದ ಉದ್ದನೆಯ ನೇರ ಹೆದ್ದಾರಿಗಳಲ್ಲಿ. ತಗ್ಗು ಸೀಟು, ಅಗಲ ಹ್ಯಾಂಡಲ್, ಮುಂದಕ್ಕೆ ಚಾಚಿದ ಕಾಲು, ಚಕ್ರದಿಂದ ಚಕ್ರಕ್ಕೆ ಹೆಚ್ಚು ದೂರ. ಹಂಪನಕಟ್ಟೆ, ಬಲ್ಮಠ, ಕದ್ರಿ, ಬಿಜೈ ಎಂದು ಗುಡ್ಡ ಹತ್ತಿ ಇಳಿಯುವ ನಮ್ಮ ಊರಿನಲ್ಲಿ ಇವುಗಳಲ್ಲಿ ಒಂದು ಗುಣ ಮಾತ್ರ ನಿಜವಾಗಿ ಉಪಕಾರಿ: ತಗ್ಗು ಸೀಟು. ಸೂಪರ್ ಮೀಟಿಯರ್‌ನ ಸೀಟು ನೆಲದಿಂದ 740 ಮಿಲಿಮೀಟರ್, ಕವಾಸಾಕಿ ವಲ್ಕನ್ ಎಸ್‌ನದು 705. ಗಿಡ್ಡ ಆಳಿಗೂ ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತವೆ. ಏರಿನ ನಡುವೆ ಟ್ರಾಫಿಕ್ ನಿಂತಾಗ ಇದರ ಬೆಲೆ ಗೊತ್ತಾಗುತ್ತದೆ.

ಆದರೆ ಸೀಟು ತಗ್ಗಿದರೆ ಹೊಟ್ಟೆಯೂ ತಗ್ಗುತ್ತದೆ. ಸೂಪರ್ ಮೀಟಿಯರ್‌ಗೂ ನೆಲಕ್ಕೂ ನಡುವೆ 135 ಮಿ.ಮೀ., ವಲ್ಕನ್‌ಗೆ 130, ಮೀಟಿಯರ್ 350ಕ್ಕೆ 170. ಹಿಂದೆ ಒಬ್ಬರು ಕೂತರೆ ಇದು ಇನ್ನೂ ಕಡಿಮೆಯಾಗುತ್ತದೆ, ಒಳರಸ್ತೆಯ ಎತ್ತರದ ಹಂಪುಗಳು ಸೈಲೆನ್ಸರನ್ನು ಕೆರೆಯುತ್ತವೆ. ಸೂಪರ್ ಮೀಟಿಯರ್‌ನ ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗುವುದು 101 ಮಿ.ಮೀ. ಮಾತ್ರ. ಬೇರೆ ಬೈಕಿನಲ್ಲಾದರೆ ಹೊಂಡ ಬಂದಾಗ ಫುಟ್‌ರೆಸ್ಟ್ ಮೇಲೆ ತುಸು ಎದ್ದು ಏಟು ತಪ್ಪಿಸಿಕೊಳ್ಳಬಹುದು. ಕಾಲು ಮುಂದಿದ್ದರೆ ಏಳಲಾಗದು, ಏಟು ನೇರ ಬೆನ್ನುಮೂಳೆಗೆ. ಬೆನ್ನುನೋವು ಇರುವವರು ಕ್ರೂಸರ್ ಆರಾಮದ ಗಾಡಿ ಎಂಬ ಮಾತನ್ನು ನಂಬಿ ದುಡ್ಡು ಕಟ್ಟದಿರುವುದು ಒಳ್ಳೆಯದು.

ಇನ್ನು ಸೆಕೆ. ಎರಡೂ ಮೀಟಿಯರ್‌ಗಳದು ಗಾಳಿ ಮತ್ತು ಆಯಿಲ್‌ನಿಂದ ತಣಿಯುವ ಎಂಜಿನ್‌ಗಳು, ತಣಿಯಬೇಕಾದರೆ ಓಡಬೇಕು. ಏಪ್ರಿಲ್ ಮಧ್ಯಾಹ್ನ ನಂತೂರಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಬಿದ್ದರೆ 650ರ ಎರಡು ಸಿಲಿಂಡರ್‌ಗಳ ಕಾವು ಮೊಣಕಾಲಿಗೆ ಬರುತ್ತದೆ. ವಲ್ಕನ್‌ಗೆ ರೇಡಿಯೇಟರ್, ಫ್ಯಾನ್ ಇವೆ. ಎಂಜಿನ್ ಸುರಕ್ಷಿತ, ಸವಾರನಿಗೆ ಬಿಸಿಗಾಳಿ ತಪ್ಪುವುದಿಲ್ಲ.

ಮಳೆಗಾಲದಲ್ಲಿ ಸವೆದು ನುಣುಪಾದ ಕಾಂಕ್ರೀಟು, ಇಂಟರ್‌ಲಾಕ್, ಬಿಳಿ ಪಟ್ಟಿ ಎಲ್ಲವೂ ಜಾರುತ್ತವೆ. ಎರಡೂ ಚಕ್ರಕ್ಕೆ ಎಬಿಎಸ್ ಇಲ್ಲದ ಭಾರದ ಬೈಕು ಈ ಊರಿಗೆ ಬೇಡವೇ ಬೇಡ. ಪಣಂಬೂರು, ಉಳ್ಳಾಲದಂಥ ಕಡಲ ಬದಿಯಲ್ಲಿ ಮನೆಯಿದ್ದರೆ ಕ್ರೋಮ್ ಮೋಹವನ್ನೂ ಕಡಿಮೆ ಮಾಡಿಕೊಳ್ಳಬೇಕು: ಹೆಚ್ಚು ಹೊಳಪು, ಹೆಚ್ಚು ಒರೆಸುವ ಕೆಲಸ. ಉಪ್ಪುಗಾಳಿ ಮೊದಲು ಕಚ್ಚುವುದು ಬೋಲ್ಟಿನ ತಲೆ ಮತ್ತು ಚೈನಿಗೆ. ಒದ್ದೆ ಬೈಕಿಗೆ ಪ್ಲಾಸ್ಟಿಕ್ ಕವರ್ ಹೊದಿಸುವುದು ತುಕ್ಕಿಗೆ ಹಾಸಿಗೆ ಹಾಸಿಕೊಟ್ಟಂತೆ.

ಹಾಗಾದರೆ 650 ಯಾರಿಗೆ? ವಾರದ ಕೊನೆಗೆ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಉಡುಪಿ, ಮರವಂತೆ, ಮುರುಡೇಶ್ವರದತ್ತ ಹೋಗುವವರಿಗೆ. 350ರ 20 ಅಶ್ವಶಕ್ತಿ ಗಂಟೆಗೆ 80–90 ಕಿ.ಮೀ. ವೇಗದಲ್ಲಿ ಸಂತೋಷವಾಗಿರುತ್ತದೆ, ಅದರಾಚೆ ಏದುಸಿರು. ಸುಮಾರು 47 ಅಶ್ವಶಕ್ತಿಯ 650 ಅದೇ ವೇಗದಲ್ಲಿ ದಣಿವೇ ಇಲ್ಲದೆ ಇಬ್ಬರನ್ನೂ ಲಗೇಜನ್ನೂ ಒಯ್ಯುತ್ತದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ಉದ್ದನೆಯ ಬೈಕನ್ನು ಹೆಚ್ಚು ಬಾಗಿಸಿದರೆ ಫುಟ್‌ರೆಸ್ಟ್ ರಸ್ತೆಗೆ ತಾಗುತ್ತದೆ, ಹಗುರ ಗಾಡಿ ಚುರುಕಾಗಿ ತಿರುಗುತ್ತದೆ. ವಾರವಿಡೀ ಸುರತ್ಕಲ್‌ನಿಂದ ಪಂಪ್‌ವೆಲ್‌ವರೆಗೆ ಕೆಲಸಕ್ಕೆ ಓಡಾಡುವುದೇ ಮುಖ್ಯವಾದರೆ ನನ್ನ ಮತ 350ಕ್ಕೆ.

ಸರ್ಕಾರವೂ 350 ಸಿಸಿಯಲ್ಲೇ ಗೆರೆ ಎಳೆದಿದೆ. 2025ರ ಸೆಪ್ಟೆಂಬರ್ 22ರಿಂದ ಅಲ್ಲಿಯವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ. 18, ದಾಟಿದರೆ ಶೇ. 40. ಮೀಟಿಯರ್‌ನ 349 ಸಿಸಿ ಗೆರೆಯ ಈಚೆ. 2022ರ ಥರ್ಡ್ ಪಾರ್ಟಿ ವಿಮೆಯ ದರಪಟ್ಟಿಯಲ್ಲೂ ಮೀಟಿಯರ್ 350ಕ್ಕೆ ವರ್ಷಕ್ಕೆ 1,366 ರೂಪಾಯಿ, ಗೆರೆಯ ಆಚೆಗೆ 2,804.

ಶೋರೂಮಿನ ಸಪಾಟು ಟೈಲ್ಸ್ ಮೇಲೆ ಕೂತು ನೋಡಿದರೆ ಯಾವ ಕ್ರೂಸರ್ ಆದರೂ ಇಷ್ಟವಾಗುತ್ತದೆ. ಟೆಸ್ಟ್ ರೈಡಿಗೆ ಮನೆಯವರನ್ನು ಹಿಂದೆ ಕೂರಿಸಿಕೊಂಡು ಕದ್ರಿಯ ಏರಿಗೆ ಹೋಗಿ, ಅರ್ಧದಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿ. ಇಳಿದ ಮೇಲೆ ಹಿಂದಿನ ಸೀಟಿನವರು ಏನು ಹೇಳುತ್ತಾರೆಂದು ಕೇಳಿಯೇ ಅಡ್ವಾನ್ಸ್ ಕೊಡಿ; ಎಷ್ಟೋ ಕ್ರೂಸರ್‌ಗಳಲ್ಲಿ ಆ ಸೀಟು ಲೆಕ್ಕಕ್ಕೆ ಮಾತ್ರ ಇರುತ್ತದೆ.