ಬೆಸೆದ ತಾಮ್ರದ ಒಡವೆ: ಮನೆಯ ದ್ರಾವಣದಿಂದಲೇ ಹೊಳಪು

ತಾಮ್ರದ ಕಡಗ, ಓಲೆ, ಪದಕಗಳನ್ನು ಬೆಸೆದ ಕೂಡಲೇ ಅವು ಕಪ್ಪಾಗುವುದು ಸಹಜ. ಬಿಸಿಯಾದ ತಾಮ್ರವು ಗಾಳಿಯಲ್ಲಿನ ಆಮ್ಲಜನಕದೊಡನೆ ಸೇರಿ ಆಕ್ಸೈಡ್ ಪದರವಾಗುತ್ತದೆ. ಬೆಸುಗೆಗೆ ಬಳಸಿದ ಬಿಳಿಗಾರವು ಗಾಜಿನಂತೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹುಣಸೆಹಣ್ಣಿನಿಂದ ತಾಮ್ರದ ಬಿಂದಿಗೆ ಬೆಳಗುವ ನಮ್ಮ ಮನೆಗಳ ರೂಢಿಯ ಹಿಂದಿರುವ ರಸಾಯನವೇ ಇಲ್ಲಿಯೂ ನೆರವಾಗುತ್ತದೆ: ಆಮ್ಲವು ಆಕ್ಸೈಡನ್ನು ಕರಗಿಸುತ್ತದೆ.

ಮೊದಲು ಬೆಸುಗೆಯನ್ನು ಗುರುತಿಸಿ

ಬೆಳ್ಳಿಯ ಬೆಸುಗೆ 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಕರಗುವಂಥದ್ದು. ಅದಕ್ಕೆ ಈ ವಿಧಾನ ಸೂಕ್ತ. ರೇಡಿಯೋ ರಿಪೇರಿಯವರು ಬಳಸುತ್ತಿದ್ದ ತವರ-ಸೀಸದ ಬೆಸುಗೆ 183 ಡಿಗ್ರಿಯಲ್ಲೇ ಕರಗುತ್ತದೆ. ವಿನೆಗರ್ ಸೀಸವನ್ನು ಕರಗಿಸಿ ವಿಷಕಾರಿ ಲವಣವಾಗಿಸುತ್ತದೆ. ಅಂತಹ ಒಡವೆಯನ್ನು ಸೋಪಿನ ನೀರಿನಿಂದ ಮಾತ್ರ ತೊಳೆಯಬೇಕು, ಮಕ್ಕಳಿಗೆ ತೊಡಿಸಲೇಬಾರದು.

ವಿಧಾನ

ಗಾಜಿನ ಅಥವಾ ಪಿಂಗಾಣಿ ಬಟ್ಟಲಿನಲ್ಲಿ ಒಂದು ಕಪ್ ಬಿಳಿ ವಿನೆಗರ್‌ಗೆ ಒಂದು ದೊಡ್ಡ ಚಮಚ ಉಪ್ಪು ಬೆರೆಸಿ. ಬಟ್ಟಲನ್ನು ಬಿಸಿನೀರಿನಲ್ಲಿರಿಸಿ ದ್ರಾವಣವನ್ನು ಬೆಚ್ಚಗಾಗಿಸಿ, ಕುದಿಸಬೇಡಿ. ಒಡವೆ ಸಂಪೂರ್ಣ ತಣ್ಣಗಾದ ಮೇಲೆಯೇ ಮುಳುಗಿಸಿ, ಇಲ್ಲವಾದರೆ ಆಮ್ಲ ಸಿಡಿಯುತ್ತದೆ. ಕಪ್ಪು ಮಾಸಿ ನಸುಗೆಂಪು ಮೂಡುವವರೆಗೆ ಆಗಾಗ ಪರೀಕ್ಷಿಸಿ. ವಿನೆಗರ್ ಬದಲು ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ಬೆಚ್ಚನೆಯ ನೀರಿನಲ್ಲಿ ಕರಗಿಸಿಯೂ ಬಳಸಬಹುದು. ಇದರಲ್ಲಿ ಘಾಟು ಇರದು.

ಒಡವೆಯನ್ನು ಕಬ್ಬಿಣದ ಚಿಮಟದಿಂದ ತೆಗೆಯಬಾರದು. ದ್ರಾವಣದಲ್ಲಿ ಕಬ್ಬಿಣ ಸೇರಿದರೆ ಕರಗಿದ ತಾಮ್ರ ಮರಳಿ ಹೊರಬಂದು ಬೆಳ್ಳಿಯ ಬೆಸುಗೆಯ ಮೇಲೆ ಕೆಂಪಾಗಿ ಕೂರುತ್ತದೆ. ಮರದ ಅಥವಾ ಪ್ಲಾಸ್ಟಿಕ್ ಚಮಚವೇ ಲೇಸು.

ಬಳಿಕ ನೀರಿನಲ್ಲಿ ತೊಳೆದು, ಒಂದು ಚಮಚ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ. ಬೆಸುಗೆಯ ಸಂದಿಯಲ್ಲಿ ಉಳಿದ ಆಮ್ಲವೇ ಮುಂದೆ ಹಸಿರು ಕಿಲುಬಿಗೆ ಕಾರಣ. ಮತ್ತೊಮ್ಮೆ ತೊಳೆದು, ಮೃದುವಾದ ಬಟ್ಟೆಯಿಂದ ತೇವವಿಲ್ಲದಂತೆ ಒರೆಸಿ.

ಎಚ್ಚರಿಕೆ

ಮುತ್ತು, ಹವಳ ಕೂಡಿಸಿದ ಒಡವೆಯನ್ನು ಆಮ್ಲದಲ್ಲಿ ಹಾಕಬಾರದು, ಅವು ಕರಗುತ್ತವೆ. ವಿನೆಗರ್‌ಗೆ ಬ್ಲೀಚ್ ಬೆರೆಸಿದರೆ ಕ್ಲೋರಿನ್ ವಿಷಾನಿಲ ಹೊರಡುತ್ತದೆ. ಒಮ್ಮೆ ಈ ಕೆಲಸಕ್ಕೆ ಬಳಸಿದ ಬಟ್ಟಲು, ಚಮಚಗಳನ್ನು ಮರಳಿ ಅಡುಗೆಗೆ ತರಬೇಡಿ. ನೀಲಿ-ಹಸಿರಿಗೆ ತಿರುಗಿದ ದ್ರಾವಣದಲ್ಲಿ ತಾಮ್ರದ ಲವಣಗಳಿರುತ್ತವೆ. ಅದನ್ನು ಗಿಡದ ಬುಡಕ್ಕಾಗಲಿ, ಬಾವಿ-ಕೆರೆಗಳ ಬಳಿಯಾಗಲಿ ಚೆಲ್ಲಬಾರದು. ಮೀನುಗಳಿಗೆ ತಾಮ್ರ ಅಲ್ಪ ಪ್ರಮಾಣದಲ್ಲೂ ಮಾರಕ.

ಬೆಸುಗೆ ಯಾವುದೆಂಬ ಅನುಮಾನವಿದ್ದಲ್ಲಿ ಆಮ್ಲಕ್ಕೆ ಹಾಕುವ ಮೊದಲು ಅಕ್ಕಸಾಲಿಗರಿಗೆ ತೋರಿಸುವುದು ಒಳಿತು.