ಇಪ್ಪತ್ತೊಂದೇ ವಿಮಾನಕ್ಕೆ ಬಿಡಿಭಾಗ ಮಾಡುವವರಾರು?

2021ರಲ್ಲಿ ಅಮೆರಿಕದ ವಾಯುಪಡೆ ಒಂದು ವಿಚಿತ್ರ ಕೆಲಸಕ್ಕೆ ಎಂಜಿನಿಯರ್‌ಗಳನ್ನು ಹುಡುಕಿತು. ರಡಾರ್‌ಗೆ ಸುಲಭವಾಗಿ ಸಿಗದ ಬಿ-2 ಬಾಂಬರ್‌ನ, ಶಾಖ ವರ್ಗಾಯಿಸುವ ಹೀಟ್ ಎಕ್ಸ್‌ಚೇಂಜರ್‌ಗಳು ಕೆಡುತ್ತಿದ್ದವು. ಅವನ್ನು ಬಿಚ್ಚಿ, ಒಳಗಿನ ತಿರುಳು ಹೇಗೆ ಮಾಡಿದ್ದೆಂದು ಅಭ್ಯಾಸ ಮಾಡಬೇಕು. ಪದರಗಳನ್ನು ಪೇರಿಸಿ ನಿರ್ವಾತದಲ್ಲಿ ಬೆಸೆಯುವ ಬಗೆ ಕಂಡುಕೊಳ್ಳಬೇಕು. ಹೊಸ ತಿರುಳನ್ನು ಹಳೆಯ ಭಾಗಕ್ಕೇ ವೆಲ್ಡ್ ಮಾಡಬೇಕು. ಜಗತ್ತಿನ ಅತಿ ದುಬಾರಿ ಯುದ್ಧವಿಮಾನದ ಒಂದು ಭಾಗವನ್ನು ಅದರ ಒಡೆಯರೇ ಮೊದಲಿನಿಂದ ಕಲಿಯಬೇಕಾಗಿ ಬಂದಿತ್ತು.

ಬಾಲವೇ ಇಲ್ಲದ, ಮೈಯೆಲ್ಲ ರೆಕ್ಕೆಯಾದ ವಿಮಾನವು ವಿಮಾನ ವಿನ್ಯಾಸಕ ಜಾಕ್ ನಾರ್ಥ್ರಪ್ ಅವರ ಜೀವಮಾನದ ಹಂಬಲ. 1947ರಲ್ಲಿ ಹಾರಿದ ಅವರ ವೈಬಿ-49 ಜೆಟ್‌ನ ರೆಕ್ಕೆ 172 ಅಡಿ ಅಗಲವಿತ್ತು. ಯೋಜನೆ ರದ್ದಾಗಿ ವಿಮಾನಗಳು ಗುಜರಿ ಸೇರಿದವು. 1980ರಲ್ಲಿ, ಗಾಲಿಕುರ್ಚಿ ಹಿಡಿದು ಮಾತೂ ಕಳೆದುಕೊಂಡಿದ್ದ ಆ ಹಿರಿಯರ ಮುಂದೆ ಅವರದೇ ಹೆಸರಿನ ಕಂಪನಿಯವರು ಗುಟ್ಟಿನ ಬಾಂಬರ್‌ನ ಪುಟ್ಟ ಮಾದರಿಯೊಂದನ್ನು ತಂದಿಟ್ಟರು. ಅದೇ ಹಾರುವ ರೆಕ್ಕೆ. ಮರುವರ್ಷ ಅವರು ತೀರಿಕೊಂಡರು. ಮುಂದೆ ಸಿದ್ಧವಾದ ಬಿ-2ರ ಅಗಲವೂ 172 ಅಡಿಯೇ!

1988ರ ನವೆಂಬರ್ 22ರಂದು ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ನಲ್ಲಿ ಬಿ-2 ಹೊರಜಗತ್ತಿಗೆ ಕಾಣಿಸಿಕೊಂಡಿತು. ಆಗಿನ ಲೆಕ್ಕ 132 ವಿಮಾನಗಳದ್ದು. ಅಷ್ಟರಲ್ಲಿ ಶೀತಲ ಸಮರ ಮುಗಿಯುತ್ತ ಬಂತು. 1990ರಲ್ಲಿ ಸಂಖ್ಯೆ 75ಕ್ಕೆ ಇಳಿಯಿತು, 1992ರಲ್ಲಿ 20ಕ್ಕೆ. ಪರೀಕ್ಷೆಗೆ ಬಳಸಿದ್ದ ಒಂದನ್ನು ಆಮೇಲೆ ಸೇವೆಗೆ ಸೇರಿಸಿದ್ದರಿಂದ ಒಟ್ಟು 21 ಆದವು. ಸಂಶೋಧನೆಯ ಖರ್ಚನ್ನೂ ಹಂಚಿದರೆ ಒಂದೊಂದಕ್ಕೆ 200 ಕೋಟಿ ಡಾಲರ್ ದಾಟಿತು.

ಬಿಡಿಭಾಗಗಳ ಸಂಕಟ ಹುಟ್ಟಿದ್ದು ಇಲ್ಲೇ. ಹತ್ತಾರು ವರ್ಷಕ್ಕೊಮ್ಮೆ ಬೇಕಾಗುವ ಬೆರಳೆಣಿಕೆಯ ಭಾಗಗಳಿಗಾಗಿ ಯಾವ ಕಾರ್ಖಾನೆಯೂ ಯಂತ್ರ, ಅಚ್ಚು, ನುರಿತ ಕೈಗಳನ್ನು ಕಾಯ್ದಿಟ್ಟುಕೊಂಡು ಕೂರುವುದಿಲ್ಲ.

ಸಣ್ಣ ಭಾಗ ಎಷ್ಟು ದೊಡ್ಡ ಪೆಟ್ಟು ಕೊಡಬಲ್ಲದು ಎಂಬುದನ್ನು ‘ಸ್ಪಿರಿಟ್ ಆಫ್ ಜಾರ್ಜಿಯಾ’ ಹೆಸರಿನ ಬಿ-2 ತೋರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಮಿಸ್ಸೂರಿಯ ವೈಟ್‌ಮನ್ ನೆಲೆಯಲ್ಲಿ ಇಳಿಯುವಾಗ ಹೈಡ್ರಾಲಿಕ್ ಕೈಕೊಟ್ಟಿತು. ಚಕ್ರದ ಕಾಲನ್ನು ಬಿಗಿಹಿಡಿಯಬೇಕಿದ್ದ ಸ್ಪ್ರಿಂಗ್‌ಗಳು ಸವೆದು ಸಡಿಲಾಗಿದ್ದವು. ಎಡಗಾಲು ಮಡಚಿಕೊಂಡು ರೆಕ್ಕೆ ರನ್‌ವೇಗೆ ಉಜ್ಜಿತು. ರೆಕ್ಕೆಗೆ ಬೇಕಾದ ಹೊದಿಕೆಯ ಒಂದು ಭಾಗವನ್ನು ಹಳೆಯ ಪರೀಕ್ಷಾ ಮಾದರಿಯಿಂದ ಕಿತ್ತು ತಂದು ಜೋಡಿಸಬೇಕಾಯಿತು.

ಎಲ್ಲಕ್ಕೂ ಇಂಥ ಅದೃಷ್ಟವಿರಲಿಲ್ಲ. 2008ರಲ್ಲಿ ಗುವಾಮ್‌ನಲ್ಲಿ ‘ಸ್ಪಿರಿಟ್ ಆಫ್ ಕಾನ್ಸಾಸ್’ ನೆಲಕ್ಕಪ್ಪಳಿಸಿ ಸುಟ್ಟುಹೋಯಿತು. ಸಂವೇದಕಗಳಿಗೆ ತೇವ ಸೇರಿದ್ದೇ ಮೂಲ ಕಾರಣ. ಪೈಲಟ್‌ಗಳಿಬ್ಬರೂ ಹಾರಿ ಬದುಕಿದರು. 2022ರಲ್ಲಿ ಅಪಘಾತಕ್ಕೀಡಾದ ಇನ್ನೊಂದನ್ನು ರಿಪೇರಿಯ ಖರ್ಚು ಗಿಟ್ಟದೆಂದು ಸೇವೆಯಿಂದಲೇ ತೆಗೆದರು. ಉಳಿದದ್ದು 19.

2025ರ ಜೂನ್‌ನಲ್ಲಿ ಇರಾನಿನ ಅಣುಕೇಂದ್ರಗಳ ಮೇಲೆ ಬಾಂಬು ಹಾಕಲು ಹೋದ ಬಿ-2ಗಳು ಏಳು, ಅಂದರೆ ಇಡೀ ಪಡೆಯ ಮೂರನೇ ಒಂದಕ್ಕೂ ಹೆಚ್ಚು. ಇದರ ಜಾಗಕ್ಕೆ ಬರಲಿರುವ ಬಿ-21 ಮೊದಲ ಸಲ ಹಾರಿದ್ದು 2023ರ ನವೆಂಬರ್‌ನಲ್ಲಿ. ಈ ಸಲ ಕನಿಷ್ಠ 100 ವಿಮಾನ ಬೇಕೆಂದು ವಾಯುಪಡೆ ಪಟ್ಟು ಹಿಡಿದಿದೆ.